ಪ್ಲಾಟರ್‌ಗೆ ಫೈಲ್ ಕೊಡುವ ಮುನ್ನ ಒತ್ತಕ್ಷರ ನೋಡಿ

ಆಟೋ ಮುಂಗಾಜಿಗೆ ‘ಅಮ್ಮನ ಆಶೀರ್ವಾದ’ ಅಂತ ಸ್ಟಿಕ್ಕರ್ ಬೇಕಿತ್ತು. ಪರದೆಯ ಮೇಲೆ ಅಕ್ಷರಗಳು ಮುದ್ದಾಗಿಯೇ ಇದ್ದವು. ಕಟ್ ಆಗಿ ಬಂದ ವಿನೈಲ್ (ಸ್ಟಿಕ್ಕರಿನ ಅಂಟುಹಾಳೆ) ಸುಲಿಯಲು ಹೋದರೆ ‘ಮ್ಮ’ದ ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ! ತಪ್ಪು ಯಂತ್ರದ್ದಲ್ಲ, ನನ್ನದೇ.

ಪ್ರಿಂಟರ್‌ಗೆ ಬಣ್ಣ ಬೇಕು, ಬ್ಲೇಡಿನಿಂದ ವಿನೈಲ್ ಕೊಯ್ಯುವ ಪ್ಲಾಟರ್ ಯಂತ್ರಕ್ಕೆ ಬೇಕಿರುವುದು ಗೆರೆ ಮಾತ್ರ. ಎರಡು ಆಕಾರ ಒಂದರ ಮೇಲೊಂದು ಕೂತಿದ್ದರೆ ಎರಡರ ಅಂಚನ್ನೂ ಕೊಯ್ದುಬಿಡುತ್ತದೆ. ಕನ್ನಡಕ್ಕೆ ಈ ಕಾಟ ಜಾಸ್ತಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಒಂದು ‘ಮ’ ಅಂದರೆ ಮೂರು ತುಂಡು: ‘ವ’ದ ಬುಡ, ತಲೆಕಟ್ಟು, ಕೊನೆಯ ಕೊಂಬು. ಯೂನಿಕೋಡ್‌ನಲ್ಲಿ ತುಂಡು ಕಡಿಮೆ, ಆದರೂ ಒತ್ತು ಮೇಲಿನ ಅಕ್ಷರಕ್ಕೆ ತಾಗಿಕೊಂಡೇ ಕೂರುವುದುಂಟು.

ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶ ಉಚಿತ, ಅದರಲ್ಲೇ ಮಾಡೋಣ. ಅಳತೆಯನ್ನು ಮಿಲಿಮೀಟರ್‌ಗೆ ಬದಲಿಸಿ, ಸ್ಟಿಕ್ಕರ್ ಎಷ್ಟು ದೊಡ್ಡದಿರಬೇಕೋ ಅಷ್ಟೇ ಗಾತ್ರಕ್ಕೆ ಟೈಪ್ ಮಾಡಿ. ಕಾಗುಣಿತ ಎರಡು ಸಲ ನೋಡಿ, ಒಂದು ಪ್ರತಿ ಬೇರೆ ಉಳಿಸಿಕೊಳ್ಳಿ. ಮುಂದಿನ ಹೆಜ್ಜೆ ಆದ ಮೇಲೆ ಅದು ಅಕ್ಷರವಲ್ಲ, ಬರೀ ಚಿತ್ರ.

ಈಗ ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ. ಆಮೇಲೆ ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆಯ್ದು ‘ಯೂನಿಯನ್’ ಕೊಡಿ, ತುಂಡುಗಳು ಬೆಸೆದು ಒಂದಾಗುತ್ತವೆ. ಪಕ್ಕದಲ್ಲೇ ‘ಕಂಬೈನ್’ ಅಂತ ಇನ್ನೊಂದಿದೆ, ಅದನ್ನು ಮುಟ್ಟಬೇಡಿ. ಅದು ತುಂಡುಗಳನ್ನು ಬೆಸೆಯುವುದಿಲ್ಲ, ಒಳಗಿನ ಗೆರೆಗಳು ಹಾಗೇ ಉಳಿಯುತ್ತವೆ. ವ್ಯೂ ಮೆನುವಿನಲ್ಲಿ ‘ಔಟ್‌ಲೈನ್’ ಆರಿಸಿದರೆ ಬ್ಲೇಡ್ ಎಲ್ಲೆಲ್ಲಿ ಓಡುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಉಳಿದಿದ್ದರೆ ಯೂನಿಯನ್ ಸರಿಯಾಗಿಲ್ಲ ಎಂದರ್ಥ.

ದಪ್ಪ ಗೆರೆಯ ಚಿತ್ರವಿದ್ದರೆ ‘ಸ್ಟ್ರೋಕ್ ಟು ಪಾತ್’ ಕೂಡ ಬೇಕು. ಇಲ್ಲದಿದ್ದರೆ ಬ್ಲೇಡ್ ಗೆರೆಯ ನಡುವೆ ಒಂದೇ ಸಲ ಓಡಿ ಸುಮ್ಮನಾಗುತ್ತದೆ.

ಇನ್ನು ‘ಸೇವ್ ಆ್ಯಸ್’ನಲ್ಲಿ ಎಚ್‌ಪಿಜಿಎಲ್ ಆರಿಸಿ. ಇದು ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಪೆನ್ ಪ್ಲಾಟರ್‌ಗಳಿಗೆಂದು ಮಾಡಿದ ಭಾಷೆ. ತುಂಬ ಸರಳ: ‘ಪಿಯು’ ಅಂದರೆ ಪೆನ್ ಎತ್ತು, ‘ಪಿಡಿ’ ಅಂದರೆ ಇಳಿಸು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲೂಬಹುದು. ಇದರ ಲೆಕ್ಕದಲ್ಲಿ ಒಂದು ಮಿಲಿಮೀಟರಿಗೆ 40 ಮಾನ, ಇಂಚಿಗೆ 1016. ಹಾಗಾಗಿ ರೆಸಲ್ಯೂಷನ್ 1016 ಇರಲಿ, ಇಲ್ಲವಾದರೆ ಸ್ಟಿಕ್ಕರ್ ಕುಗ್ಗಿಯೋ ಹಿಗ್ಗಿಯೋ ಬರುತ್ತದೆ.

ಪೆನ್ನಿಗೂ ಬ್ಲೇಡಿಗೂ ಒಂದು ವ್ಯತ್ಯಾಸವಿದೆ. ಬ್ಲೇಡಿನ ಮೊನೆ ಅದು ತಿರುಗುವ ನಡುಬಿಂದುವಿನಿಂದ ಸ್ವಲ್ಪ ಹಿಂದಿರುತ್ತದೆ. ಈ ಅಂತರವೇ ‘ಟೂಲ್ ಆಫ್‌ಸೆಟ್’. ಅದನ್ನು 0.25 ಮಿಲಿಮೀಟರ್ ಇಟ್ಟು ಶುರು ಮಾಡಿ, ಮೂಲೆಗಳು ದುಂಡಾಗಿ ಬಂದರೆ ಬದಲಿಸಿ. ಸುತ್ತು ಪೂರ್ತಿ ಮುಚ್ಚಿಕೊಳ್ಳಲು ‘ಓವರ್‌ಕಟ್’ 1 ಮಿಲಿಮೀಟರ್ ಸಾಕು. ಆದರೆ ಪ್ಲಾಟರ್ ತಾನೇ ಆಫ್‌ಸೆಟ್ ಸರಿಪಡಿಸುವಂತಿದ್ದರೆ ಇಲ್ಲಿ ಸೊನ್ನೆ ಹಾಕಿ. ಎರಡೂ ಕಡೆ ಕೊಟ್ಟರೆ ಮೂಲೆ ಕೆಡುತ್ತದೆ.

ಸ್ಟಿಕ್ಕರ್ ಗಾಜಿನ ಒಳಗಡೆ ಅಂಟಿಸಿ ಹೊರಗಿನವರು ಓದಬೇಕೇ? ಹಾಗಾದರೆ ಮಿರರ್ ಮಾಡಲು ಮರೆಯಬೇಡಿ.

ಮೊದಲು 10 ಮಿಲಿಮೀಟರಿನ ಒಂದು ಚೌಕ ಕತ್ತರಿಸಿ ಸ್ಕೇಲ್ ಇಟ್ಟು ನೋಡಿ. ವಿನೈಲ್ ಎತ್ತಿದಾಗ ಹಿಂದಿನ ಕಾಗದದ ಮೇಲೆ ಸಣ್ಣ ಗೀರು ಕಂಡರೆ ಬ್ಲೇಡಿನ ಒತ್ತಡ ಸರಿಯಿದೆ. ಕಾಗದವೂ ಸೀಳಿದ್ದರೆ ಒತ್ತಡ ಇಳಿಸಿ.