ದರ್ಶಿನಿ ತೆರೆಯುವ ಮುನ್ನ ಪೈಪೋಟಿಯ ಲೆಕ್ಕ

ಬೆಂಗಳೂರಿನಲ್ಲಿ ದರ್ಶಿನಿ ತೆರೆಯಬೇಕೆಂದಿರುವವರು ಅಂಗಡಿಗೆ ಮುಂಗಡ ಕೊಡುವ ಮೊದಲು ಆ ರಸ್ತೆಯಲ್ಲಿ ಬೆಳಿಗ್ಗೆ 7ರಿಂದ 10ರವರೆಗೆ ನಿಂತು, ಈಗಿರುವ ಹೋಟೆಲುಗಳಿಗೆ ಎಷ್ಟು ಜನ ಬರುತ್ತಾರೆ, ಏನು ತಿನ್ನುತ್ತಾರೆ, ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಭಾನುವಾರದ ಲೆಕ್ಕ ಬೇರೆಯೇ ಇರುತ್ತದೆ, ಅದನ್ನೂ ನೋಡಿ.

1980ರ ದಶಕದಲ್ಲಿ ಹುಟ್ಟಿದ ಈ ಮಾದರಿಯಲ್ಲಿ ಗ್ರಾಹಕರೇ ಹಣ ಕೊಟ್ಟು ಟೋಕನ್ ಪಡೆದು, ನಿಂತೇ ತಿಂದು ಹೋಗುವುದರಿಂದ ಮಾಣಿಗಳ ಸಂಬಳ ಉಳಿಯುತ್ತದೆ, ಸಣ್ಣ ಜಾಗದಲ್ಲಿ ಹೆಚ್ಚು ವ್ಯಾಪಾರವಾಗುತ್ತದೆ. ತಟ್ಟೆಯೊಂದರ ಲಾಭ ಕಡಿಮೆಯಾದ್ದರಿಂದ ವೇಗವೇ ಇಲ್ಲಿನ ಬಂಡವಾಳ. ಇಡ್ಲಿ, ವಡೆ, ಖಾರಾಬಾತ್‌ಗಳನ್ನು ಮೊದಲೇ ಸಿದ್ಧವಾಗಿಡಬಹುದು. ದೋಸೆಯನ್ನು ಹಾಗೆ ಇಡಲಾಗದು, ಆದ್ದರಿಂದ ಸಾಲು ನಿಲ್ಲುವುದು ಕಾವಲಿಯ ಮುಂದೆಯೇ. ಗೋಡೆಯ ಅಲಂಕಾರಕ್ಕೆ ಸುರಿಯುವ ಹಣವನ್ನು ದೊಡ್ಡ ಕಾವಲಿಗೂ ಪಳಗಿದ ದೋಸೆ ಭಟ್ಟರಿಗೂ ಕೊಡುವುದು ಲೇಸು.

ಪಕ್ಕದವರಿಗಿಂತ ಐದು ರೂಪಾಯಿ ಇಳಿಸಿ ಗೆಲ್ಲುವ ಯೋಚನೆ ಬೇಡ. ಮರುವಾರ ಅವರೂ ಇಳಿಸುತ್ತಾರೆ. ಚಟ್ನಿಯ ರುಚಿಯನ್ನೂ ಕಾಫಿಯ ಹದವನ್ನೂ ಅಷ್ಟು ಸುಲಭವಾಗಿ ನಕಲು ಮಾಡಲಾಗದು. ಸಾಮಾನ್ಯ ಹೋಟೆಲುಗಳು ಗ್ರಾಹಕರಿಂದ ಶೇ 5 ಜಿಎಸ್‌ಟಿ ಪಡೆದರೂ, ತಾವು ಖರೀದಿಗೆ ಕಟ್ಟಿದ ತೆರಿಗೆಯನ್ನು ಅದರಿಂದ ಕಡಿತ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಸಲಕರಣೆಗಳ ಮೇಲಿನ ತೆರಿಗೆಯನ್ನೂ ಖರ್ಚಿಗೇ ಸೇರಿಸಿ ಬೆಲೆ ನಿಗದಿಪಡಿಸಿ.

ಕೆಎಫ್‌ಸಿ 1995ರಲ್ಲಿ ಬ್ರಿಗೇಡ್ ರಸ್ತೆಗೆ ಬಂದ ಮೇಲೂ ದರ್ಶಿನಿಗಳು ಉಳಿದವು. ಬೆಳಗಿನ ತಿಂಡಿಯ ಗಿರಾಕಿ ಅಂಥ ಅಂಗಡಿಗಳಿಗೆ ಸೇರಿದವನಲ್ಲ. ನಿಮ್ಮ ನಿಜವಾದ ಎದುರಾಳಿ ಮುಂದಿನ ತಿರುವಿನ ದರ್ಶಿನಿ.