ಹೊಸ ಜೀರುಂಡೆಯೊಂದಕ್ಕೆ ಹೆಸರಿಡುವುದು ಹೇಗೆ?

ಕಾಡಿನಲ್ಲಿ ಯಾರೂ ನೋಡಿರದ ಜೀರುಂಡೆಯನ್ನು ಹಿಡಿದ ಮಾತ್ರಕ್ಕೆ ಹೊಸ ಪ್ರಭೇದ ಸಿಕ್ಕಿತೆಂದು ಹೇಳಲಾಗದು. ಈವರೆಗೆ ಹೆಸರು ಪಡೆದಿರುವ ಸುಮಾರು 4 ಲಕ್ಷ ಜೀರುಂಡೆಗಳಲ್ಲಿ ಇದು ಯಾವುದೂ ಅಲ್ಲವೆಂದು ತೋರಿಸಿಕೊಟ್ಟ ಮೇಲಷ್ಟೇ ಅದು ಹೊಸದಾಗುತ್ತದೆ. ಚಾರ್ಲ್ಸ್ ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ ಹಿಡಿದ ಜೀರುಂಡೆಯೊಂದು ಲಂಡನ್ನಿನ ಸಂಗ್ರಹಾಲಯ ಸೇರಿ, ಅಲ್ಲಿ ಎಲ್ಲರ ಕಣ್ತಪ್ಪಿ ಹೋಗಿ, ಕೊನೆಗೆ ಡಾರ್ವಿನಿಲಸ್ ಸೆಡಾರಿಸಿ ಎಂಬ ಹೆಸರು ಪಡೆದದ್ದು 2014ರಲ್ಲಿ. ಹಿಡಿಯುವುದಕ್ಕೂ ಹೆಸರಿಡುವುದಕ್ಕೂ ನಡುವೆ 182 ವರ್ಷ.

ಒಂದು ಸ್ಪಷ್ಟನೆ. ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿರ್ರೆನ್ನುವ ಕೀಟವನ್ನೂ ನಮ್ಮಲ್ಲಿ ಜೀರುಂಡೆ ಎನ್ನುವ ರೂಢಿಯಿದೆ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿರುವ ಕೀಟಗಳ ಬಗ್ಗೆ. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ನಾವು ಸಾಕುತ್ತಿದ್ದ ಜೀರ್ಜಿಂಬೆ, ತೆಂಗಿನ ಸುಳಿ ಕೊರೆಯುವ ಕುರುವಾಯಿ, ಸಗಣಿ ಹುಳು, ಎಲ್ಲವೂ ಈ ಗುಂಪಿನವೇ. ಉದಾಹರಣೆಗೆ ಸಗಣಿ ಹುಳುವನ್ನೇ ಇಟ್ಟುಕೊಳ್ಳೋಣ.

ಹಿಡಿಯುವುದು, ಚುಚ್ಚುವುದು

ಅರಣ್ಯ ಪ್ರದೇಶವಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ನೆಲದಲ್ಲಿ ಬಾಯಿಮಟ್ಟ ಹೂತ ಡಬ್ಬಿಯ ಮೇಲೆ, ಬಟ್ಟೆಯಲ್ಲಿ ಕಟ್ಟಿದ ಸಗಣಿಯನ್ನು ತೂಗುಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಹುಳುಗಳು ಬಂದು ಬೀಳುತ್ತವೆ. ಕೊಂದ ಹುಳುವಿನ ಬಲ ಚಿಪ್ಪುರೆಕ್ಕೆಯ ಮೂಲಕ ಕೀಟಸೂಜಿಯನ್ನು ಇಳಿಸುವುದು ಜಗತ್ತಿನೆಲ್ಲೆಡೆಯ ಪದ್ಧತಿ; ನಡುವೆ ಚುಚ್ಚಿದರೆ ಮುಖ್ಯ ಲಕ್ಷಣಗಳು ಹಾಳಾಗುತ್ತವೆ. ತೀರ ಚಿಕ್ಕದಾದರೆ ತ್ರಿಕೋನದ ಕಾಗದದ ತುದಿಗೆ ಅಂಟಿಸಿ, ಸೂಜಿಯನ್ನು ಕಾಗದಕ್ಕೆ ಚುಚ್ಚಬೇಕು. ಅದೇ ಸೂಜಿಯ ಕೆಳಗೆ ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು ಇರುವ ಚೀಟಿ ಬರಬೇಕು. ಚೀಟಿಯಿಲ್ಲದ ಹುಳು ಎಷ್ಟೇ ಅಪರೂಪದ್ದಾದರೂ ಈ ಕೆಲಸದ ಮಟ್ಟಿಗೆ ಬಹುಪಾಲು ನಿರುಪಯೋಗಿ.

ಹಳೆಯದಲ್ಲವೆಂದು ತೋರಿಸುವುದು

ನಿಜವಾದ ಶ್ರಮ ಇರುವುದು ಇಲ್ಲಿ. ಸಗಣಿ ಹುಳುಗಳ ಆಂಥೋಫೇಗಸ್ ಎಂಬ ಒಂದೇ ಕುಲದಲ್ಲಿ 2000ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದ ಸಗಣಿ ಹುಳುಗಳ ಬಗ್ಗೆ ಇಂಗ್ಲೆಂಡಿನ ಕೀಟತಜ್ಞ ಗಿಲ್ಬರ್ಟ್ ಆರೋ 1931ರಲ್ಲಿ ಪ್ರಕಟಿಸಿದ ಸಂಪುಟದಿಂದ ಕೆಲಸ ಶುರುವಾಗುತ್ತದೆ. ಅಲ್ಲಿಂದೀಚೆಗೆ ಬಂದ ಪ್ರತಿಯೊಂದು ಲೇಖನವನ್ನೂ ಹುಡುಕಿ ಓದಬೇಕು. ಓದಿದ್ದು ಸಾಲದಾದಾಗ ಹಳೆಯ ಪ್ರಭೇದಗಳ ಮೂಲ ಮಾದರಿಗಳನ್ನೇ, ಅಂದರೆ ಅವುಗಳಿಗೆ ಹೆಸರಿಟ್ಟಾಗ ಆಧಾರವಾಗಿದ್ದ ಹುಳುಗಳನ್ನೇ, ನೋಡಬೇಕು. ನಮ್ಮ ನೆಲದ ಹುಳುಗಳ ಮಾದರಿಗಳಲ್ಲಿ ಅನೇಕವು ಇರುವುದು ಲಂಡನ್ನಿನಲ್ಲಿ. ಹೋಗಲಾಗದವರು ಸಂಗ್ರಹಾಲಯಕ್ಕೆ ಬರೆದು ಚಿತ್ರ ತರಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಕಾಯುವುದು ಇದರಲ್ಲಿ ಮಾಮೂಲು.

ಅವಸರದವರನ್ನು ಹಾದಿ ತಪ್ಪಿಸುವುದು ಕೊಂಬು. ಈ ಕುಲದ ಎಷ್ಟೋ ಪ್ರಭೇದಗಳಲ್ಲಿ ಗಂಡಿಗೆ ತಲೆಯ ಮೇಲೆ ಕೊಂಬಿರುತ್ತದೆ, ಹೆಣ್ಣಿಗಿರುವುದಿಲ್ಲ. ಗಂಡುಗಳಲ್ಲೂ ಮರಿಯಾಗಿದ್ದಾಗ ಹೊಟ್ಟೆ ತುಂಬ ಸಗಣಿ ಸಿಕ್ಕಿದ್ದಕ್ಕೆ ಉದ್ದನೆಯ ಬಾಗಿದ ಕೊಂಬು ಬಂದರೆ, ಅರೆಹೊಟ್ಟೆಯಲ್ಲಿ ಬೆಳೆದದ್ದಕ್ಕೆ ಬರೀ ಮೊಟಕು ಗುರುತು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮೂರು ಪ್ರಭೇದಗಳೆಂದೇ ತೋರುತ್ತವೆ. ಆದ್ದರಿಂದ ಒಂದೇ ಹುಳುವನ್ನು ನಂಬಿ ಬರೆಯಲು ಕೂರುವುದಕ್ಕಿಂತ, ಒಂದೇ ಜಾಗದಿಂದ ಚಿಕ್ಕವು ದೊಡ್ಡವು, ಗಂಡು ಹೆಣ್ಣು ಸೇರಿ ಸಾಲಾಗಿ ಜೋಡಿಸಿ, ಯಾವ ಲಕ್ಷಣ ಬದಲಾಗುತ್ತದೆ, ಯಾವುದು ಬದಲಾಗದೆ ಉಳಿಯುತ್ತದೆ ಎಂದು ನೋಡುವುದು ಲೇಸು.

ಬದಲಾಗದೆ ಉಳಿಯುವುದರಲ್ಲಿ ಗಂಡಿನ ಜನನಾಂಗದ ಆಕಾರ ಮುಖ್ಯವಾದದ್ದು. ಹೊರನೋಟಕ್ಕೆ ಒಂದೇ ಎನಿಸುವ ಎರಡು ಪ್ರಭೇದಗಳು ಇಲ್ಲಿ ಬೇರೆಯಾಗುತ್ತವೆ. ಒಣಗಿದ ಹುಳುವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾಗಿಸಿ, ಹೊಟ್ಟೆಯ ತುದಿಯಿಂದ ಆ ಭಾಗವನ್ನು ಸಣ್ಣ ಚಿಮಟದಲ್ಲಿ ಎಳೆದು ತೆಗೆದು, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಮಾಂಸ ಕರಗಿ ಗಟ್ಟಿ ಕವಚವಷ್ಟೇ ಉಳಿಯುತ್ತದೆ. ಅದನ್ನು ತೊಳೆದು, ಗ್ಲಿಸರಿನ್ ಇರುವ ಪುಟ್ಟ ಸೀಸೆಗೆ ಹಾಕಿ ಹುಳುವಿನ ಸೂಜಿಗೇ ಚುಚ್ಚಿಡಬೇಕು; ಬೇರೆ ಕಡೆ ಇಟ್ಟರೆ ಯಾವುದು ಯಾವ ಹುಳುವಿನದೆಂದು ಮುಂದೆ ತಿಳಿಯುವುದಿಲ್ಲ. ಒಂದು ಕಾಲನ್ನು ಡಿಎನ್‌ಎ ಪರೀಕ್ಷೆಗೆ ಕಳುಹಿಸುವವರೂ ಇದ್ದಾರೆ. ಅದು ಒಳ್ಳೆಯ ಬೆಂಬಲವೇ, ಆದರೆ ಸೂಕ್ಷ್ಮದರ್ಶಕದ ಮುಂದೆ ಕೂರುವ ಕೆಲಸವನ್ನು ತಪ್ಪಿಸುವುದಿಲ್ಲ.

ಬರೆಯುವುದು, ಹೆಸರಿಡುವುದು

ಹೊಸದೆಂದು ಖಚಿತವಾದ ಮೇಲೆ, ಇದ್ದವುಗಳಲ್ಲಿ ಒಂದನ್ನು ಹೋಲೋಟೈಪ್ ಎಂದು ಆರಿಸಬೇಕು. ಹೆಸರು ಶಾಶ್ವತವಾಗಿ ಅಂಟಿಕೊಳ್ಳುವುದು ಆ ಒಂದು ಹುಳುವಿಗೆ; ಮುಂದೆ ಗೊಂದಲವಾದರೆ ಎಲ್ಲರೂ ಮರಳಿ ನೋಡುವುದು ಅದನ್ನೇ. ಅದಕ್ಕೆ ಕೆಂಪು ಚೀಟಿ ಹಾಕುವ ರೂಢಿಯಿದೆ. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ, 1999ರ ನಂತರ ಪ್ರಕಟವಾಗುವ ಹೊಸ ಪ್ರಭೇದಕ್ಕೆ ಇಂಥ ಮಾದರಿಯನ್ನು ಸ್ಪಷ್ಟವಾಗಿ ಸೂಚಿಸಿ, ಅದು ಎಲ್ಲಿರುತ್ತದೆಂದು ಹೇಳದಿದ್ದರೆ ಆ ಹೆಸರಿಗೆ ಮಾನ್ಯತೆಯಿಲ್ಲ.

ಲೇಖನದಲ್ಲಿ ಎರಡು ಭಾಗಗಳನ್ನು ಬೆರೆಸಬಾರದು. ವಿವರಣೆಯಲ್ಲಿ ತಲೆಯಿಂದ ಹೊಟ್ಟೆಯ ತುದಿಯವರೆಗೆ ಉದ್ದ, ಬಣ್ಣ, ಕುಡಿಮೀಸೆಯ ಗೆಣ್ಣುಗಳು, ಚಿಪ್ಪುರೆಕ್ಕೆಯ ಗೆರೆಗಳು, ಗೆರೆಗಳ ನಡುವಿನ ಚುಕ್ಕಿಗುಳಿಗಳು, ಎಲ್ಲವೂ ಬರುತ್ತವೆ. ವ್ಯತ್ಯಾಸ ಸೂಚನೆಯಲ್ಲಿ ಬರಬೇಕಾದದ್ದು ಒಂದೇ: ಅತಿ ಹತ್ತಿರದ ಪ್ರಭೇದದಿಂದ ಇದನ್ನು ಯಾವುದರಿಂದ ಬೇರ್ಪಡಿಸಬಹುದು? ‘ಕಪ್ಪಗೆ ಹೊಳೆಯುತ್ತದೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಎದೆಯ ಮೇಲ್ಗವಚದ ಚುಕ್ಕಿಗುಳಿಗಳು ಒಂದಕ್ಕೊಂದು ತಾಗುವುದಿಲ್ಲ, ಹತ್ತಿರದ ಪ್ರಭೇದದಲ್ಲಿ ತಾಗುತ್ತವೆ’ ಎಂದರೆ ಉಪಯೋಗವಿದೆ.

ಹೆಸರಿನ ವಿಚಾರದಲ್ಲಿ ಸ್ವಾತಂತ್ರ್ಯ ಹೆಚ್ಚು. ಅದೇ ಕುಲದಲ್ಲಿ ಅದೇ ಹೆಸರು ಇರಬಾರದು, ಲ್ಯಾಟಿನ್ ವ್ಯಾಕರಣಕ್ಕೆ ಒಗ್ಗಬೇಕು. ಮಹಿಳೆಯ ಹೆಸರಾದರೆ ಕೊನೆಗೆ ‘-ಏ’ ಸೇರುತ್ತದೆ. ಪರಿಸರ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಹೆಸರಿನಲ್ಲಿ 2019ರಲ್ಲಿ ಬಂದ, ಒಂದು ಮಿಲಿಮೀಟರೂ ಇಲ್ಲದ ಕೀನ್ಯಾದ ಜೀರುಂಡೆ ನೆಲ್ಲೊಪ್ಟೋಡೆಸ್ ಗ್ರೆಟೇ ಆದದ್ದು ಹೀಗೆ. ನ್ಯೂಗಿನಿಯ 101 ಹೊಸ ಸೊಂಡಿಲು ಜೀರುಂಡೆಗಳನ್ನು 2013ರಲ್ಲಿ ಒಟ್ಟಿಗೆ ಪ್ರಕಟಿಸಿದಾಗ, ಹೆಸರು ಸಾಲದೆ ಅಲ್ಲಿನ ದೂರವಾಣಿ ಪುಸ್ತಕದಿಂದ ಮನೆತನದ ಹೆಸರುಗಳನ್ನು ಆರಿಸಿಕೊಂಡರು. ತನ್ನ ಹೆಸರನ್ನೇ ಇಟ್ಟುಕೊಳ್ಳಬಾರದೆಂದು ನಿಯಮವೇನಿಲ್ಲ. ಆದರೂ ಮರ್ಯಾದಸ್ಥರು ಇಟ್ಟುಕೊಳ್ಳುವುದಿಲ್ಲ.

ಲೇಖನ ವಿದ್ಯುನ್ಮಾನ ಪತ್ರಿಕೆಯಲ್ಲಿ ಮಾತ್ರ ಬರುವುದಾದರೆ ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ಮೊದಲೇ ನೋಂದಾಯಿಸಿ, ಅದರ ಗುರುತನ್ನು ಲೇಖನದಲ್ಲಿ ಅಚ್ಚು ಮಾಡಿಸಬೇಕು. ಪ್ರಕಟವಾದ ಮೇಲೂ ನಮ್ಮ ದೇಶದಲ್ಲಿ ಒಂದು ಕೆಲಸ ಉಳಿಯುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ, ಹೊಸ ಪ್ರಭೇದವನ್ನು ಕಂಡುಹಿಡಿದವರು ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೀಟವಾದರೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೋ ಒಪ್ಪಿಸಬಹುದು. ಹೋಲೋಟೈಪನ್ನು ಅಂಚೆಗೆ ಹಾಕದೆ, ಪೆಟ್ಟಿಗೆಯ ತಳಕ್ಕೆ ಸೂಜಿಯನ್ನು ಭದ್ರವಾಗಿ ಊರಿ, ಸೀಸೆ ಅಲುಗದಂತೆ ಎರಡೂ ಬದಿಗೆ ಅಡ್ಡಸೂಜಿ ಕೊಟ್ಟು, ಕೈಯಾರೆ ಒಯ್ದು ಕೊಟ್ಟು ರಸೀದಿ ಪಡೆಯಿರಿ.