ಹಳ್ಳಿಕಾರ್ ಹೋರಿನ ಗಾಡಿಗೆ ಪಳಗಿಸೋದು: ಮೊದ್ಲು ನಿಲ್ಲೋದು, ಆಮೇಲೆ ಎಳೆಯೋದು

ಶಿವರಾತ್ರಿಗೆ ಸಿದ್ಧಗಂಗೆ ದನಗಳ ಜಾತ್ರೇಲಿ ಒಂದು ಚೆಂದದ ಹೋರಿ ತಂದ್ಬಿಟ್ಟು ಮುಂದಿನ ವಾರಾನೇ ಗಾಡಿಗೆ ಹೂಡಿ ವಿಡಿಯೋ ಹಾಕೋ ಹುಡುಗ್ರು ನಮ್ಮ ತುಮಕೂರು ಕಡೆ ಜಾಸ್ತಿ ಆಗವ್ರೆ, ಅದ್ಕೇ ಇದನ್ನ ಬರೀತಿದೀನಿ. ಹಳ್ಳಿಕಾರ್ ತಳಿಗೆ ಎಳೆಯೋದು, ಓಡೋದು ಹುಟ್ಟುಗುಣ, ಅದನ್ನ ಯಾರೂ ಹೇಳ್ಕೊಡ್ಬೇಕಾಗಿಲ್ಲ. ನಾವು ಹೇಳ್ಕೊಡ್ಬೇಕಾಗಿರೋದು ನಿಲ್ಲೋದು. "ಹೋ" ಅಂದ್ರೆ ನಿಲ್ದೇ ಇರೋ ಹೋರಿನ ಗಾಡಿ ಹತ್ರಾನೂ ತರ್ಬೇಡಿ.

ಬಾಯಿ ಬಿಡ್ಸಿ ಹಲ್ಲು ನೋಡಿ ಫಸ್ಟು. ಹಾಲು ಹಲ್ಲಿದ್ರೆ ಇನ್ನೂ ಕರು, ಹಗ್ಗ ಹಾಕಿ ಓಡಾಡ್ಸಿ ಸಾಕು. ಹಾಲು ಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದ್ಮೇಲೆ ನೊಗ ತೋರಿಸ್ಬಹುದು, ಭಾರ ಅನ್ನೋ ಮಾತು ನಾಲ್ಕು ಹಲ್ಲು ಆದ್ಮೇಲೆ. ಮೂಗುದಾರ ಹೊಸ್ದಾಗಿದ್ರೆ ಗಾಯ ಪೂರ್ತಿ ಒಣಗೋವರ್ಗೂ ಜಗ್ಗಬೇಡಿ, ಹಸಿ ಮೂಗು ಜಗ್ಗಿಸ್ಕೊಂಡಿರೋ ಹೋರಿ ಆಮೇಲೆ ಮುಖ ಮುಟ್ಟಕ್ಕೇ ಬಿಡಲ್ಲ.

ಟೈಮು ಅಂದ್ರೆ ರಾಗಿ ಒಕ್ಕಣೆ ಮುಗಿದು ಹೊಲ ಖಾಲಿ ಇರೋ ದಿನಗಳು, ಬೆಳಗ್ಗೆ ಬಿಸಿಲೇರೋಕೆ ಮುಂಚೆ ಅರ್ಧ ಗಂಟೆ. ಹಗ್ಗ ಹಿಡ್ಕೊಂಡು ಪಕ್ಕದಲ್ಲೇ ನಡೀರಿ. ಹತ್ತು ಹೆಜ್ಜೆ ಹೋಗಿ "ಹೋ" ಅನ್ನಿ, ಅಂದ ತಕ್ಷಣ ಹಗ್ಗ ಎಳೀಬೇಡಿ, ಒಂದು ಉಸಿರು ಬಿಡೋ ಅಷ್ಟು ಹೊತ್ತು ಕಾಯಿರಿ, ನಿಲ್ಲಲಿಲ್ಲ ಅಂದ್ರೆ ಮಾತ್ರ ಹಗ್ಗ ಬಿಗಿ ಮಾಡಿ, ನಿಂತ ಕ್ಷಣವೇ ಸಡ್ಲ ಬಿಟ್ಬಿಡಿ. ತುಂಬಾ ಜನ ಎಡವೋದು ಇಲ್ಲೇ, ಹೋರಿ ನಿಂತಿರುತ್ತೆ, ಇವ್ರು ಇನ್ನೂ ಜಗ್ತಾನೇ ಇರ್ತಾರೆ, ಅದಕ್ಕೆ ನಿಂತ್ರೂ ನೋವೇ ನಿಲ್ದಿದ್ರೂ ನೋವೇ ಅಂದ್ರೆ ಯಾಕಾದ್ರೂ ನಿಲ್ಲುತ್ತೆ ಹೇಳಿ. ಪಕ್ಕದಲ್ಲಿ ನಡೆದಾಗ ಮಾತಿಗೇ ನಿಲ್ತಿದೆ ಅಂತಾದ್ರೆ ಹಗ್ಗ ಉದ್ದ ಮಾಡ್ಕೊಂಡು ಹಿಂದಿನಿಂದ ನಡೆಸಿ, ಗಾಡಿ ಮೇಲೆ ಕೂತಾಗ ನಿಮ್ಮ ದನಿ ಬರೋದು ಹಿಂದಿನಿಂದ ತಾನೇ.

ಜಟಕಾ ಕುದುರೆಗಾದ್ರೆ ಕಣ್ಣಿನ ಪಕ್ಕಕ್ಕೆ ಪಟ್ಟಿ ಕಟ್ತಾರೆ, ಹಿಂದೆ ಬರೋ ಚಕ್ರ ಅದಕ್ಕೆ ಕಾಣಲ್ಲ. ಎತ್ತಿಗೆ ಆ ಪಟ್ಟಿ ಇಲ್ಲ, ಕಣ್ಣು ತಲೆಯ ಎರಡೂ ಪಕ್ಕಕ್ಕಿರೋದ್ರಿಂದ ಹಿಂದೆ ಅಲ್ಲಾಡೋದೂ ಕಾಣುತ್ತೆ. ಅದ್ಕೇ ಹಿಂದಿರೋದನ್ನ ಮೊದ್ಲೇ ಪರಿಚಯ ಮಾಡಿಸ್ಬೇಕು. ಬೇರೆಯವರ ಗಾಡಿ ಹೋಗ್ತಿದ್ರೆ ಅದರ ಹಿಂದೆ ನಡೆಸಿ, ಆಮೇಲೆ ಪಕ್ಕದಲ್ಲಿ, ಆಮೇಲೆ ಮುಂದೆ. ಟ್ರ್ಯಾಕ್ಟರ್, ಬೈಕು ಓಡಾಡೋ ಜಾಗದಲ್ಲಿ ಸ್ವಲ್ಪ ದೂರಕ್ಕೆ ಕಟ್ಟಿ ಬೇಯ್ಸಿದ ಹುರುಳಿ ಇಡಿ, ತಲೆ ಎತ್ದೇ ತಿಂತು ಅಂದ್ರೆ ಸದ್ದು ಅಭ್ಯಾಸ ಆಗಿದೆ ಅಂತ.

ನೊಗ ಒಬ್ಬೊಬ್ಬರಿಗೆ ಕಲಿಸೋದಲ್ಲ, ಪಳಗಿರೋ ಹಳೇ ಎತ್ತಿನ ಜೊತೆ ಹೂಡಿ, ಎರಡು ಹೊಸ ಹೋರಿ ಒಟ್ಟಿಗೆ ಬೇಡವೇ ಬೇಡ. ಎಡಕ್ಕೆ ಹೂಡಿದ್ರೆ ದಿನಾ ಎಡಕ್ಕೇ. ಜತ್ತಿಗೆ, ಅಂದ್ರೆ ಕೊರಳನ್ನ ನೊಗಕ್ಕೆ ಸೇರ್ಸೋ ಪಟ್ಟಿ, ಕಟ್ಟಿದ ಮೇಲೆ ಕೊರಳಿಗೂ ಅದಕ್ಕೂ ನಡುವೆ ನಿಮ್ಮ ಕೈ ಸಲೀಸಾಗಿ ಆಡ್ಬೇಕು. ಮೊದಲ ದಿನಗಳು ಬರೀ ನೊಗ ಹೊತ್ಕೊಂಡು ಉತ್ತಿರೋ ಹೊಲದಲ್ಲಿ ನಡಿಗೆ, ಮಣ್ಣು ಸಡ್ಲ ಇರೋದ್ರಿಂದ ಗಾಬರಿ ಆದ್ರೂ ಜೋರಾಗಿ ಓಡಕ್ಕಾಗಲ್ಲ. ಆಮೇಲೆ ಹಳೇ ಲಾರಿ ಟೈರು ಕಟ್ಟಿ ಎಳೆಸಿ.

ಇಲ್ಲಿ ನನ್ನ ಕಥೆ ಕೇಳಿ. ನಮ್ಮ ಹೋರಿ ಒಂದು ವಾರ ಟೈರು ಚೆನ್ನಾಗಿ ಎಳೀತು ಅಂತ ಎಂಟನೇ ದಿನಕ್ಕೇ ಮರದ ಗಾಡಿಗೆ ಹೂಡ್ದೆ, ನಮ್ಮಜ್ಜ "ಬ್ಯಾಡ ಕಣ್ಲಾ" ಅಂತಾನೇ ಇದ್ರು. ಖಾಲಿ ಗಾಡಿ ತುಂಬಿದ ಗಾಡಿಗಿಂತ ಜಾಸ್ತಿ ಗಡಗಡ ಅನ್ನುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಒಂದು ಚಕ್ರ ಕಲ್ಲು ಹತ್ತಿ ಧಡ್ ಅಂತ ಇಳೀತು ನೋಡಿ, ಹಳೇ ಎತ್ತನ್ನೂ ಎಳ್ಕೊಂಡು ಬದು ಹಾರಿಬಿಡ್ತು, ಮೂಕಿ (ಗಾಡಿಯಿಂದ ನೊಗಕ್ಕೆ ಹೋಗೋ ಉದ್ದ ಮರ) ಮುರೀತು, ಹಗ್ಗ ಮುಂಗೈಗೆ ಸುತ್ಕೊಂಡಿದ್ದೆ ನಾನು ಬುದ್ಧಿವಂತ, ಚರ್ಮ ಕಿತ್ತು ಬಂತು. ಆ ಹೋರಿನ ಮತ್ತೆ ಗಾಡಿ ಹತ್ರ ಕರ್ಕೊಂಡ್ ಬರೋಕೆ ಮೂರು ತಿಂಗಳಾಯ್ತು.

ಹಗ್ಗ ಕೈಗೆ ಸುತ್ಕೋಬೇಡಿ, ಯಾವತ್ತೂ. ಗಾಡಿಗೆ ಮೊದಲ ಸಲ ಹೂಡೋವಾಗ ಎರಡೂ ಕಡೆ ಒಬ್ಬೊಬ್ಬರು ಮೂಗುದಾರ ಹಿಡೀಲಿ, ಮೇಲೆ ಯಾರೂ ಕೂರೋದು ಬೇಡ, ಚಕ್ರ ಕಳಚದಂಗೆ ಅಚ್ಚಿಗೆ ಹಾಕೋ ಕಡಾಣಿ ಸರಿ ಕೂತಿದ್ಯಾ ನೋಡಿ, ಟೈರ್ ಗಾಡಿ ಸಿಕ್ರೆ ಅದ್ರಲ್ಲೇ ಶುರು ಮಾಡಿ ಸದ್ದು ಕಮ್ಮಿ. ಲೋಡ್ ಹಾಕೋ ದಿನ ಬಂದಾಗ ಹಿಂಭಾರ ಆದ್ರೆ ಮೂಕಿ ಮೇಲೆದ್ದು ಜತ್ತಿಗೆ ಕೊರಳು ಹಿಸುಕುತ್ತೆ, ಮುಂಭಾರ ಆದ್ರೆ ಹೆಗಲು ಹೋಗುತ್ತೆ, ನೊಗ ಎತ್ತಿ ನೋಡಿದ್ರೆ ಒಬ್ಬ ಮನುಷ್ಯ ಆರಾಮಾಗಿ ಎತ್ತೋ ಅಷ್ಟಿರ್ಬೇಕು. ಇಳಿಜಾರಲ್ಲಿ ಇಳಿದು ಮುಂದೆ ಬಂದು ಹಿಡ್ಕೊಂಡು ಇಳಿಸಿ. ಡಾಂಬರು ರಸ್ತೆಗೆ ಹೋಗೋಕೆ ಮುಂಚೆ ಲಾಳ ಕಟ್ಸಿ, ಗೊರಸು ಸೀಳಿರೋದ್ರಿಂದ ಕಾಲಿಗೆ ಎರಡು, ಒಂದು ಎತ್ತಿಗೆ 8. ಶಿರಾ ಕಡೆ ಹೈವೇಗೆ ಕತ್ತಲಲ್ಲಿ ಹೋಗ್ಲೇಬೇಡಿ, ಸರ್ವೀಸ್ ರಸ್ತೆಗಾದ್ರೂ ಹಿಂದಕ್ಕೆ ರೇಡಿಯಂ ಅಂಟಿಸಿ.

ಮೊಳೆ ಹೊಡ್ದಿರೋ ಬಾರುಕೋಲು 1965ರ ಕೇಂದ್ರದ ನಿಯಮದಲ್ಲೇ ನಿಷೇಧ. ದಿನಕ್ಕೆ 9 ಗಂಟೆ ಮೀರಿ, ಬಿಡುವಿಲ್ದೆ 5 ಗಂಟೆ ಮೀರಿ ದುಡಿಸಂಗಿಲ್ಲ, 37 ಡಿಗ್ರಿ ದಾಟಿದ್ರೆ ಮಧ್ಯಾಹ್ನ 12ರಿಂದ 3 ಹೂಡಂಗಿಲ್ಲ ಅಂತಾನೂ ಐತೆ. ಅದು ದುಡಿಯೋ ಎತ್ತಿಗೆ, ಕಲಿಯೋ ಹೋರಿಗೆ ಅದರಲ್ಲಿ ಕಾಲು ಭಾಗಾನೂ ಬೇಡ.

ಗಾಡಿ ಬಿಡೋವಾಗ ಹೊಸ ಹೋರಿನ ಮೊದ್ಲು ಬಿಚ್ಚಿ, ಹಳೇದು ನೊಗ ಹೊತ್ಕೊಂಡು ಸುಮ್ನೆ ನಿಂತಿರುತ್ತೆ. ಉಲ್ಟಾ ಮಾಡಿದ್ರೆ ನೊಗ ಒಂದು ಕಡೆ ಜೋತಾಡಿ ಹೋರಿ ಬೆದರುತ್ತೆ. ಬಿಚ್ಚಿದ್ಮೇಲೆ ಹಿಣಿಲಿನ (ಬೆನ್ನ ಮೇಲಿನ ಡುಬ್ಬದ) ಮುಂದೆ ನೊಗ ಕೂರೋ ಜಾಗಕ್ಕೆ ಅಂಗೈ ಇಟ್ಟು ನೋಡಿ. ಬಿಸಿ, ಬಾವು ಇದ್ರೆ ಅದು ಪೂರ್ತಿ ಇಳಿಯೋವರ್ಗೂ ನೊಗ ಇಲ್ಲ, ಬರೀ ಹಗ್ಗದ ನಡಿಗೆ.